ಅಭಿಷೇಕದ ನೀರಿನ ದಾರಿ

ತುರುವೇಕೆರೆ ಹತ್ತಿರದ ಆ ಹಳೆಯ ಕಲ್ಲುಗುಡಿಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಮಾಡುವ ಕೆಲಸ ನನಗೆ ಸಿಕ್ಕಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಗರ್ಭಗುಡಿಯ ನೆಲದ ಚಪ್ಪಡಿಗಳು ಅಲ್ಲಾಡುತ್ತಿದ್ದವು. ದೇವರನ್ನು ಕೆಲವು ದಿನ ಕಳಶಕ್ಕೆ ಬರಮಾಡಿಕೊಂಡು, ಕಲ್ಲುಕೆಲಸದವರನ್ನು ಒಳಗೆ ಬಿಟ್ಟು, ಚಪ್ಪಡಿ ಎತ್ತಿ ನನ್ನ ಮಾದರಿಯಲ್ಲಿದ್ದಂತೆಯೇ ಮತ್ತೆ ಕೂರಿಸುವುದೆಂದು ಆಗಿತ್ತು.

ಉಳಿದ ದಿನಗಳಲ್ಲಿ ಅರ್ಚಕರ ಹೊರತು ಯಾರೂ ಒಳಗೆ ಹೋಗುವಂತಿಲ್ಲ. ನಾನು ಹೊಸಿಲಿನ ಈಚೆ ಟೇಪಿನ ಒಂದು ತುದಿ ಹಿಡಿಯುತ್ತಿದ್ದೆ. ಅರವತ್ತು ದಾಟಿದ ಅರ್ಚಕರು ಒಳಗೆ ಇನ್ನೊಂದು ತುದಿ ಹಿಡಿದು, ಮಂತ್ರದ ರಾಗದಲ್ಲೇ ಅಳತೆ ಹೇಳುತ್ತಿದ್ದರು. ಗೋಡೆ, ಪೀಠ, ನೀರು ಹೊರಹೋಗುವ ಉತ್ತರದ ಕಿಂಡಿ, ಎಲ್ಲ ಬರೆದುಕೊಂಡೆ.

ಮಾದರಿ ಮುಗಿಸಿ, ದುರಸ್ತಿ ಮಾಡಿಸುತ್ತಿದ್ದ ಕಚೇರಿಗೆ ಕಳಿಸಿದ ಮರುದಿನ ಲ್ಯಾಪ್‌ಟಾಪನ್ನು ಅರ್ಚಕರ ಮನೆಯ ಜಗಲಿಗೆ ಒಯ್ದೆ. ಅವರ ಹೆಂಡತಿ ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದರು.

"ಅಯ್ಯಯ್ಯೋ, ಗುಡೀನ ಎಳನೀರು ತಿರುಗಿಸ್ದಂಗೆ ತಿರುಗಿಸ್ತೀರಲ್ರೀ!" ಎಂದು ಅರ್ಚಕರು ನಕ್ಕರು. ಆಮೇಲೆ ಪರದೆಯ ಹತ್ತಿರ ಬಗ್ಗಿದರು. "ಇದ್ರಲ್ಲಿ ಅಭಿಷೇಕದ ನೀರು ಎತ್ಲಾಗೆ ಹೋಗುತ್ತೆ?"

"ಕಿಂಡಿ ತೋರ್ಸಿದೀನಲ್ಲ, ಅಲ್ಲಿಗೆ."

"ಕಿಂಡಿ ಇದೆ ಕಣಮ್ಮ. ನೆಲ ಹಲಗೆ ಥರ ಇದೆ. ಅಲ್ಲಿಗೆ ಹೋಗು ಅಂತ ನೀರಿಗೆ ನೀವು ಹೇಳ್ತೀರಾ?"

ನೆಲವನ್ನು ನಾನು ಪೂರ್ತಿ ಸಮತಟ್ಟಾಗಿ ತೋರಿಸಿದ್ದೆ. ಸೋಮವಾರ ಚಪ್ಪಡಿ ಎತ್ತುವವರಿದ್ದರು. ಎತ್ತಿದ ಮೇಲೆ ಹಳೆಯ ಇಳಿಜಾರು ಎಲ್ಲೂ ಉಳಿಯುವುದಿಲ್ಲ. ಈ ಮನುಷ್ಯ ದಿನಾ ಬೆಳಗ್ಗೆ ನಿಂತ ನೀರಿನಲ್ಲಿ ಪೂಜೆ ಮಾಡಬೇಕಾಗುತ್ತದೆ.

"ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ಉದ್ದ ಕೇಳಿದ್ರಿ, ಹೇಳ್ದೆ. ಅಗಲ ಕೇಳಿದ್ರಿ, ಹೇಳ್ದೆ. ಇಳಿಜಾರು ಯಾರು ಕೇಳಿದ್ರು?"

ಎಸ್‌ಟಿಡಿ ಬೂತಿಗೆ ಹೋಗಿ, ನೆಲ ತಪ್ಪಾಗಿದೆ, ಕೆಲಸ ಶುರು ಮಾಡಬೇಡಿ ಎಂದು ಕಚೇರಿಗೆ ಹೇಳಿದೆ. ಗಾರೆ ಕೆಲಸದವರು ಮಟ್ಟ ನೋಡುವ, ನೀರು ತುಂಬಿದ ಪ್ಲಾಸ್ಟಿಕ್ ಪೈಪೊಂದನ್ನು ಎರವಲು ತಂದೆ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ; ಅಲ್ಲಿಂದ ನೆಲಕ್ಕೆ ಎಷ್ಟು ಎಂದು ಅಳೆದರೆ ತಗ್ಗು ತಿಳಿಯುತ್ತದೆ. ಹೊಸಿಲ ಬಳಿ ಒಂದು ತುದಿ ನನ್ನದು. ಇನ್ನೊಂದನ್ನು ಹಿಡಿದು ಅರ್ಚಕರು ಮೂಲೆ ಮೂಲೆಗೂ ಬಗ್ಗಿದರು.

"ಮನೇಲಿ ಕೊಡ ಎತ್ತಿ ಅಂದ್ರೆ ಸೊಂಟನೋವು. ಈಗ ನೋಡಿ!" ನನ್ನ ಹಿಂದೆ ನವರಂಗ ಮಂಟಪದಿಂದ ಅವರ ಹೆಂಡತಿಯ ದನಿ.

"ಸುಮ್ನಿರೇ, ನೀರು ಅಲ್ಲಾಡುತ್ತೆ!"

ಪ್ರತಿ ಜಾಗವನ್ನೂ ಮೂರು ಸಲ ಅಳೆಸಿದೆ. ಕಿಂಡಿಯ ಬಳಿ ನೆಲ ಬಾಗಿಲಿಗಿಂತ ಎರಡು ಬೆರಳು ತಗ್ಗಿತ್ತು. ಆ ಮಬ್ಬಿನಲ್ಲಿ, ಹೊಸಿಲಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ. ಮಾದರಿ ತಿದ್ದಿ ಕಳಿಸಿದೆ.

ನೆಲ ಕೂರಿಸಿ ಮುಗಿದು ಮೊದಲ ಅಭಿಷೇಕದ ದಿನ, ಎಲ್ಲರೂ ಬಾಗಿಲ ಮುಂದೆ ಕೈಮುಗಿದು ನಿಂತಿದ್ದರು. ನಾನು ಮಾತ್ರ ಗುಡಿಯ ಹಿಂದೆ ಸುತ್ತಿ ಹೋಗಿ, ಕಿಂಡಿಯ ಕೆಳಗೆ ಅಂಗೈ ಒಡ್ಡಿ ನಿಂತೆ. ಒಳಗೆ ಬಿಂದಿಗೆಯ ಸದ್ದಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ.

ಮಂತ್ರ ನಿಂತಿತು. ಕಿಂಡಿಯೊಳಗಿಂದಲೇ ಅರ್ಚಕರ ಪ್ರಶ್ನೆ ಬಂತು: "ಬಂತೇನಮ್ಮಾ?"

ಅಷ್ಟರಲ್ಲಿ ಹಾಲು ಬೆರೆತ ನೀರು ಅಂಗೈ ತುಂಬಿ, ಮೊಣಕೈವರೆಗೂ ಇಳಿದಿತ್ತು.

"ಬಂತು ಕಣ್ರೀ!" ಎಂದು ಕೂಗಿದೆ. ಮಂತ್ರ ಮುಂದುವರಿಯಿತು.