ಗಾಜಣ್ಣನ ಹೆಗಲು

ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುತ್ತ ಇಪ್ಪತ್ತೆರಡು ವರ್ಷ ಸವೆಸಿದ್ದ ಅವನನ್ನು ಬೀದಿಯವರೆಲ್ಲ ಗಾಜಣ್ಣ ಎಂದೇ ಕರೆಯುತ್ತಿದ್ದರು. ಆಳೆತ್ತರದ ಗಾಜನ್ನು ಒಬ್ಬನೇ ಎತ್ತಿ ಗೋಡೆಗೆ ಒರಗಿಸುವ ಗಟ್ಟಿಗ. ಅಂಥವನ ಬಲಹೆಗಲಿಗೆ ಎರಡು ವರ್ಷದ ಹಿಂದೆ ಹೊಕ್ಕ ನೋವು ಅಲ್ಲೇ ಬಿಡಾರ ಹೂಡಿತು. ಹೆಗಲಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸಲೂ ಹಲ್ಲು ಕಚ್ಚಬೇಕಿತ್ತು.

ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆಯೂ ಆಯಿತು. ಎಲ್ಲದರಲ್ಲೂ ಏನೂ ಇಲ್ಲ. ಆ ‘ಏನೂ ಇಲ್ಲ’ವೇ ಅವನಿಗೆ ನೋವಿಗಿಂತ ದೊಡ್ಡ ಪೀಡೆಯಾಯಿತು.

“ಏನೂ ಇಲ್ಲ ಅಂದ್ಮೇಲೆ ಏನಿರುತ್ತೆ ಭಾವ? ಮೈಗೆ ಸ್ವಲ್ಪ ಸೋಮಾರಿತನ ಹತ್ತಿದೆ ಅಷ್ಟೇ,” ಎಂದು ನಕ್ಕ ಹೆಂಡತಿಯ ತಮ್ಮ. ಕೆಲಸದಲ್ಲಿ ಜೊತೆಗಾರನೂ ಅವನೇ. ಆ ನಗೆಯಲ್ಲಿ ಕೆಡುಕಿರಲಿಲ್ಲ. ಆದರೂ ಗಾಜಣ್ಣನಿಗೆ ನಾಟಿತು. ಅಂದಿನಿಂದ ಬಾಯಿಗೆ ಬೀಗ. ನೋವು ತಗ್ಗಿದ ದಿನ ಮೂರು ದಿನದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವನು. ಮಾರನೆಯ ದಿನದಿಂದ ಜ್ವರವೆಂದು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗುವನು.

ಕೊನೆಗೆ ಹೆಂಡತಿಯೇ ಹಟ ಹಿಡಿದು ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕರೆದೊಯ್ದಳು. ಅವರು ಹೆಗಲು, ಬೆನ್ನು ಒತ್ತಿ ನೋಡಿ, “ನೋವು ಸುಳ್ಳಲ್ಲ,” ಎಂದರು. ಗಾಜಣ್ಣ ಹೆಂಡತಿಯ ಕಡೆ ತಿರುಗಿ ನೋಡಿದ.

“ಸ್ನಾಯು ಹರಿದಿಲ್ಲ. ಆದ್ರೆ ನಿಮ್ಮ ನರಗಳು ಸಣ್ಣದಕ್ಕೂ ಜೋರಾಗಿ ಕೂಗೋದು ರೂಢಿ ಮಾಡ್ಕೊಂಡಿವೆ. ಚೆನ್ನಾಗಿರೋ ದಿನ ಎಲ್ಲಾ ಬಾಚ್ಕೊಂಡು ಮಾಡ್ಬೇಡಿ, ಆಮೇಲೆ ಮಲಗೇ ಬಿಡ್ಬೇಡಿ. ದಿನಾ ಇಷ್ಟೇ ಅಂತ ಇಟ್ಕೊಳ್ಳಿ. ನೋವು ಏರೋಕ್ಕೆ ಮುಂಚೇನೇ ನಿಲ್ಲಿಸಿ. ಜೊತೆಗೆ ಕೆಲಸ ಮಾಡೋರಿಗೂ ಹೇಳಿ.”

ನಡಿಗೆ, ವ್ಯಾಯಾಮ ಶುರುವಾದವು. ಹೇಳುವುದೊಂದು ಮಾತ್ರ ಆಗಲಿಲ್ಲ.

ತಿಂಗಳ ಬಳಿಕ ಮೂರನೆಯ ಮಹಡಿಯ ಮನೆಯೊಂದಕ್ಕೆ ಏಳಡಿ ಗಾಜು ಸಾಗಿಸಬೇಕಾಯಿತು. ಲಿಫ್ಟಿನಲ್ಲಿ ಅದು ಹಿಡಿಯಲಿಲ್ಲ, ಮೆಟ್ಟಿಲೇ ಗತಿ. ಗಾಜಣ್ಣ ಮೇಲಿನ ತುದಿ ಹಿಡಿದು ಹಿಮ್ಮುಖವಾಗಿ ಹತ್ತುತ್ತಿದ್ದ. ಭಾಮೈದ ಕೆಳಗಿನ ತುದಿಯಲ್ಲಿದ್ದ. ಮೊದಲ ಮಹಡಿ ದಾಟುವಾಗಲೇ ಹೆಗಲೊಳಗೆ ಬಟ್ಟೆ ಹಿಂಡಿದಂತಾಯಿತು. ಇನ್ನೊಂದು ತಿರುವು ಅಷ್ಟೇ ಎಂದುಕೊಂಡ. ತಿರುವು ಬಂತು; ಬೆರಳುಗಳು ತನ್ನವೇ ಅಲ್ಲವೆನಿಸಿದವು.

“ಯಾಕೆ ನಿಂತ್ರಿ ಭಾವ? ಹತ್ತಿ!”

ಗಾಜಿನಾಚೆ ಭಾಮೈದನ ಮುಖ ಕಾಣುತ್ತಿತ್ತು. ಹುಬ್ಬಿನಿಂದ ಬೆವರು ಇಳಿಯುತ್ತಿತ್ತು. ತನ್ನ ಹಿಡಿತ ಜಾರಿದರೆ ಗಾಜು ನೇರ ಆ ಕೊರಳಿಗೇ. ಗಾಜಣ್ಣನ ಕಿವಿ ಗುಂಯ್‌ಗುಟ್ಟಿತು. ಮುಂದಿನ ಮಹಡಿಗೆ ಇನ್ನು ನಾಲ್ಕೇ ಮೆಟ್ಟಿಲು. ನಾಲ್ಕೂ ಆಗದು.

“ಇಳಿಸು,” ಎಂದ.

“ಇಲ್ಲೇನಾ? ಮೆಟ್ಟಿಲ ಮಧ್ಯಾನಾ?”

“ನನ್ ಕೈ ಹೋಗ್ತಿದೆ ಕಣೋ! ಈಗ್ಲೇ ಇಳಿಸು. ನೀನು ಪಕ್ಕಕ್ಕೆ ಸರಿ!”

ಭಾಮೈದ ಕೆಳತುದಿಯನ್ನು ಮೆಟ್ಟಿಲಿಗೆ ತಾಗಿಸಿ, ಮೈಯನ್ನು ಗೋಡೆಗೆ ಒತ್ತಿಕೊಂಡ. ಗಾಜಣ್ಣ ಎದೆಯನ್ನೇ ಆನಿಸಿ ಗಾಜನ್ನು ಗೋಡೆಗೆ ಒರಗಿಸಿದ. ಅಷ್ಟರಲ್ಲಿ ಟಿಕ್ ಎಂಬ ಸದ್ದು. ಮೂಲೆಯಿಂದ ಮೂಲೆಗೆ ಕೂದಲೆಳೆಯಂಥ ಬಿರುಕು ಓಡಿತು.

ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕೂತರು.

“ಇದನ್ನ ಕೆಳಗೇ ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನೀನು ನಗ್ತಿದ್ದೆ.”

ಭಾಮೈದ ಕೈಗವಸು ಕಳಚಿದ. “ಕೆಳಗಿದ್ದೋನು ನಾನು ಭಾವ,” ಎಂದಷ್ಟೇ ಹೇಳಿದ. ಗಾಜಣ್ಣ ತಲೆ ಎತ್ತಲಿಲ್ಲ. ಆಮೇಲೆ ಮೊದಲ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದ, ಸುಳ್ಳು ಜ್ವರಗಳನ್ನೂ ಬಿಡದೆ.

ಹೊಸ ಗಾಜು ಬಂದ ದಿನ ಭಾಮೈದ ಇನ್ನಿಬ್ಬರನ್ನು ಕರೆತಂದಿದ್ದ. ಗಾಜಣ್ಣ ಚೌಕಟ್ಟಿನ ಅಳತೆ ನೋಡಿದ, ಮೆಟ್ಟಿಲ ದಾರಿ ತೋರಿಸಿದ. ಬರಿಗೈಲಿ ನಿಂತು ಬೇರೆಯವರು ಗಾಜು ಹೊರುವುದನ್ನು ನೋಡುವುದು ಅವನಿಗೆ ನೋವಿನಷ್ಟೇ ಕಷ್ಟವಾಯಿತು.

ನೋವು ಪೂರ್ತಿ ಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ಗಾಜು ಕೊಯ್ಯುವ ಮೇಜು ಬಿಟ್ಟು ನಾಲ್ಕು ಹೆಜ್ಜೆ ಓಡಾಡುತ್ತಾನೆ. ಸುಸ್ತಾದ ದಿನವೂ ನಡಿಗೆ ತಪ್ಪಿಸುವುದಿಲ್ಲ. ವರ್ಷದಲ್ಲಿ ಹಾಸಿಗೆ ಹಿಡಿದ ದಿನಗಳು ಬೆರಳೆಣಿಕೆಯಷ್ಟು. ಆ ದಿನಗಳಲ್ಲಿ ಭಾಮೈದನಿಗೆ ತಾನೇ ಫೋನ್ ಮಾಡಿ, “ಇವತ್ತು ಹೆಗಲು ಮಾತು ಕೇಳ್ತಿಲ್ಲ ಕಣೋ,” ಎನ್ನುತ್ತಾನೆ.