ಎರಡು ಹಂಗಾಮಿನ ಕರಾರು

ಹೌದ್ರಿ, ನಾನೇ ಕೊಟ್ಟೀನಿ. ನಮ್ಮ ವಾಡಿ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಾಗ ಗೋಲ್ ಹೊಡಿಯಾಕಿ ಅಂತ ಇದ್ದಾಕಿ ಒಬ್ಬಾಕಿನೇ. ಆಕಿನ್ನ ಸೇಡಂ ತಂಡಕ್ಕ ಕೊಟ್ಟು, ಬದಲಿಗೆ ಮೊಣಕಾಲು ಆಪರೇಷನ್ ಆದ ಗೋಲ್‌ಕೀಪರ್‌ನ ತಂದೀನಿ. ಇವತ್ತಿಗೂ ಸ್ಟೇಷನ್ ಮುಂದಿನ ಚಹಾದಂಗಡಿ ಹಾದು ಹೋದ್ರ, 'ಟೀಮ್ ಮುಳುಗಿಸಿದ ಟೀಚರ್ ಬಂದ್ರು ನೋಡ್ರಿ' ಅಂತಾರ. ಅನ್ಲಿ. ಅಂದವರ ಬಾಯಾಗ ಹುಳಾ ಬೀಳಲಿ ಅಂತ ನಾನೂ ಅಂದೀನಿ, ಅಲ್ಲಿಗಲ್ಲಿಗೆ ಆತು.

ಮುಂಜಾನಿ ನಾನು ಸಾಲಿಯೊಳಗ ಪೀಟಿ ಟೀಚರ್, ಸಂಜೀಕ ಈ ತಂಡದ ಕೋಚ್. ನಮ್ಮ ಹಣೆಬರಹ ಹೆಂಗಿತ್ತಂದ್ರ, ಮೂರು ಗೋಲ್ ಹೊಡಿತಿದ್ವಿ, ನಾಕು ತಿಂತಿದ್ವಿ. ಇದ್ದ ಕೀಪರ್ ಹುಡುಗಿ ಚೆಂಡು ಬಂದ್ರ ಕಣ್ಣು ಮುಚ್ಚತಿದ್ಲು. ಆಕಿದೂ ತಪ್ಪಿಲ್ಲ ಬಿಡ್ರಿ. ನಮ್ಮ ಮೈದಾನದ ತುಂಬ ಪರ್ಸಿಕಲ್ಲಿನ ಚೂರು, ಬಿದ್ದಾಕಿ ತೊಗಲು ಬಿಟ್ಟೇ ಏಳಬೇಕು.

ಸೇಡಂದವರು ಆಡಸಲಾರದ ಬೆಂಚಿನ ಮ್ಯಾಲ ಕುಂದ್ರಿಸಿದ್ದ ಕೀಪರ್ ಚಿಂಚೋಳಿ ಕಡಿ ಐನಾಪುರದಾಕಿ. ಮದುವಿ ಆದಾಕಿ, ಒಂದು ಕೂಸಿನ ತಾಯಿ. ನಮ್ಮಲ್ಲಿ ಅದಲಾಬದಲಿ ಕರಾರು ಭಾಳ ಬಿಗಿ. ಒಮ್ಮೆ ಸಹಿ ಆದ್ರ ಎರಡು ಹಂಗಾಮು ಹಿಂದಕ್ಕ ತಿರುಗೋ ಹಂಗಿಲ್ಲ. ಮುರೀಬೇಕಂದ್ರೂ ಸಹಿ ಮಾಡಿದ ಕೋಚೇ ಮುರೀಬೇಕು. ಆಕಿ ನನಗ ಬಿಚ್ಚಿ ಹೇಳಿದ್ಲು: "ಟೀಚರ್, ನೀವೂ ಒಲ್ಲೆ ಅಂದ್ರ ಅತ್ತಿ ಮನ್ಯಾಗ ನನ್ನ ಬೂಟು ಒಲಿಗೆ ಹಾಕ್ತಾರ್ರಿ. ಅಲ್ಲಿಗೆ ನನ್ನ ಆಟ ಮುಗೀತು."

ನಮ್ಮ ತಂಡದಾಗ ಒಂದು ಪದ್ಧತಿ ಅದ. ಹೊಸಬರನ್ನ ತಗೊಳ್ಳೋಕಿಂತ ಮೊದಲ ಮನಿಗೆ ಊಟಕ್ಕ ಕರೀತೀವಿ. ನೆಲಕ್ಕ ಕುಂದ್ರಿಸಿ ಉಣಿಸಿ, ಹೆಂಗ ಏಳತಾರ ನೋಡ್ತೀವಿ. ಕೈ ಊರಲಾರದ ಎದ್ರ ಮೊಣಕಾಲು ಗಟ್ಟಿ, ಊರಿದ್ರ ಹೋಗಿ ಬಾ. ಡಾಕ್ಟರ್ ಚೀಟಿಗಿಂತ ನಮ್ಮ ಅಧ್ಯಕ್ಷರಿಗೆ ಇದರ ಮ್ಯಾಲೇ ನಂಬಿಗಿ. ಅವತ್ತು ಅವರು ನಮ್ಮ ಮನ್ಯಾಗ ಆಕಿ ಎದುರಿಗೇ ಕುಂತ್ರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಆಕಿ ಹೊಟ್ಟಿ ತುಂಬ ಉಂಡ್ಲು, ತಾಟಿನ್ಯಾಗೇ ಕೈ ತೊಳಕೊಂಡ್ಲು, ನೆಲಕ್ಕ ಅಂಗೈ ಹಚ್ಚಿ ಎದ್ಲು.

"ಮುಗೀತಲ್ಲ ಟೀಚರ್? ಕೈ ಊರಿದ್ಲು," ಅಂದ್ರು ಅಧ್ಯಕ್ಷರು.

ನಾ ನೋಡಿದ್ದು ಬ್ಯಾರೆ. ಆ ಕೈನ ಆಕಿ ಕಣ್ಣಿಗೆ ಒತ್ತಿಕೊಂಡಿದ್ಲು. ಚಿತ್ತಾಪುರದಾಗ ಗುಡಿ ಪೂಜಿ ಮಾಡೋ ಮನ್ಯಾಗ ಬೆಳೆದಾಕಿ ನಾನು. ಊರಿದ ಕೈ ಯಾವುದು, ನಮಸ್ಕಾರದ ಕೈ ಯಾವುದು ಅಂತ ನನಗ ತಿಳಿಯಂಗಿಲ್ಲೇನು?

"ಯಾಕ ನೆಲ ಮುಟ್ಟಿದಿ?" ಅಂತ ಕೇಳಿದೆ.

"ಉಂಡ ಜಾಗಕ್ಕ ನಮಸ್ಕಾರ ಮಾಡಲಾರದ ಎದ್ರ ನಮ್ಮವ್ವ ಬೈತಾಳ್ರಿ."

ಕೈ ಕಟ್ಟಿಕೊಂಡು ಕುಂದ್ರು, ಏಳು ಅಂದೆ. ಎದ್ಲು. ಮತ್ತ ಕುಂತ್ಲು, ಮತ್ತ ಎದ್ಲು. ಉಂಡ ಹೊಟ್ಟ್ಯಾಗ ಎಂಟು ಹತ್ತು ಸಲ ಎದ್ಲು ಪಾಪ. ಅಧ್ಯಕ್ಷರು ಮೀಸಿ ತಿರುವಿದ್ರು. "ಹೊಡಿಯಾಕಿನ್ನ ಕೊಟ್ಟು ಈ ಕುಂಟಿನ್ನ ತರ್ತೀರೇನು? ಸೋತ್ರ ಜವಾಬ್ದಾರಿ ನಿಮ್ಮದು ನೋಡ್ರಿ."

ಅಂಜಿಕಿ ಇರಲಿಲ್ಲ ಅಂತಲ್ಲ. ಗೋಲ್ ಯಾರು ಹೊಡೀತಾರ ಅನ್ನೋ ಚಿಂತಿ ಇದ್ದೇ ಇತ್ತು. ಆದ್ರ ಕುಂಟಿ ಅನ್ನೋ ಮಾತಿಗೆ ನೆತ್ತಿ ಕಾದು ಹೋತು. ಅವರ ಮುಂದೇ ಸಹಿ ಜಡದೆ.

ಶಹಾಬಾದದಾಗ ಸೆಮಿಫೈನಲ್, ಎದುರಿಗೆ ಸೇಡಂ. ನಾ ಕೊಟ್ಟ ಹುಡುಗಿನೇ ನಮ್ಮ ಮ್ಯಾಲ ಏರಿ ಬಂದ್ಲು. ಆಕಿ ಹೊಡೆದ ಎರಡು ಚೆಂಡು ಐನಾಪುರದಾಕಿ ಹಾರಿ ಹಿಡಿದ್ಲು, ಮೊಣಕೈ ತುಂಬ ರಕ್ತ. ಮೂರನೇದ್ದು ತಲಿ ಮ್ಯಾಲಿಂದ ಒಳಗ ಹೋತು. ನಾವು ಒಂದೂ ಹೊಡೀಲಿಲ್ಲ. ಸೋತ್ವಿ.

ಮರುದಿನ ಅಧ್ಯಕ್ಷರು ಒಂದು ಕಾಗದ ಮುಂದ ಇಟ್ರು. ಈ ಕೀಪರ್‌ನ ತಂದದ್ದು ನನ್ನ ತಪ್ಪು, ಕರಾರು ಮುರೀತೀನಿ ಅಂತ ಬರೆದಿತ್ತು. ಸಹಿ ಮಾಡಿದ್ರ ಕೋಚಾಗಿ ಉಳೀತೀನಿ. ಇಲ್ಲಂದ್ರ ಸೀಟಿ ಇಟ್ಟು ಹೋಗಬೇಕು.

"ಒಂದು ಸಹಿ ಟೀಚರ್. ಏನು ಗಂಟು ಹೋಗ್ತದ ನಿಮ್ಮದು?"

"ಆಕಿ ಆಟ ಹೋಗ್ತದ್ರಿ," ಅಂದೆ. "ಹೊಡಿಯಾಕಿನ್ನ ಬಿಟ್ಟುಕೊಟ್ಟದ್ದು ನನ್ನ ತಪ್ಪು ಅಂತ ಬರೀರಿ, ಈಗಿಂದೀಗ ಸಹಿ ಮಾಡ್ತೀನಿ. ಆಕಿ ಕಾಲಿನ ಮ್ಯಾಲ ತಪ್ಪು ಹೊರಸಬ್ಯಾಡ್ರಿ."

ಹಂಗ ಬರೀಲಿಕ್ಕೆ ಅವರು ಒಲ್ಲೆ ಅಂದ್ರು. ಸೀಟಿ ಮೇಜಿನ ಮ್ಯಾಲ ಇಟ್ಟು ಬಂದೆ. ಮನಿಗೆ ಬಂದು ಬಚ್ಚಲದಾಗ ನಿಂತು ಅತ್ತೀನಿ, ಸುಳ್ಳ್ಯಾಕ ಹೇಳಲಿ.

ಮುಂದಿನ ಹಂಗಾಮಿಗೆ ಅಧ್ಯಕ್ಷರ ಅಳಿಯನೇ ಕೋಚ್. ಕರಾರು ಮುರಿಯೋ ಹಕ್ಕು ಅವನಿಗಿರಲಿಲ್ಲ, ಬ್ಯಾರೆ ಕೀಪರೂ ಸಿಗಲಿಲ್ಲ. ಐನಾಪುರದಾಕಿನ್ನೇ ನಿಲ್ಲಿಸಬೇಕಾತು. ಚಿತ್ತಾಪುರದಾಗ ಮೊದಲ ಪಂದ್ಯ, ನಾನು ಮಂದಿಯೊಳಗ ನಿಂತಿದ್ದೆ. ಒಂದು ಗೋಲಿನಿಂದ ನಾವು ಮುಂದಿದ್ವಿ. ಕಡೀ ಗಳಿಗ್ಯಾಗ ಬಂದ ಚೆಂಡನ್ನ ಆಕಿ ಉದ್ದಕ ಬಿದ್ದು ತಡೆದ್ಲು, ಪಟ್ಟನ ಎದ್ದು ನಿಂತ್ಲು. ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದು, "ನಮ್ಮ ಹುಡುಗಿ! ನಮ್ಮ ಹುಡುಗಿ!" ಅಂತ ಚಪ್ಪಾಳಿ ಹೊಡೀಲಿಕತ್ರು.

ನಾ ಹೊಡೀಲಿಲ್ಲ. ಮಂದಿ ಸರಿಸಿಕೊಂಡು ಹೋಗಿ ಅವರ ಮಗ್ಗಲಕ್ಕ ನಿಂತೆ. ಅವರು ನನ್ನ ಮಾರಿ ನೋಡೋತನಕ ಅಲ್ಲಿಂದ ಕದಲಲಿಲ್ಲ.