ಒಂದು ನಿಂಬೆಹಣ್ಣು ಕಡಿಮೆ

ಬಾಲರಾಜನಿಗೆ ಕೂತು ಊಟಮಾಡುವುದು ಗೊತ್ತಿಲ್ಲ. ತಟ್ಟೆಯನ್ನು ಕೈಯಲ್ಲಿ ಹಿಡಿದು, ಅಂಗಳದಲ್ಲಿ ಓಡಾಡುತ್ತಲೇ ಮುದ್ದೆ ನುಂಗುತ್ತಾನೆ. ಏಳನೆಯ ತರಗತಿಯಲ್ಲಿ ನನ್ನ ಶಿಷ್ಯನಾಗಿದ್ದಾಗಲೂ ಹಾಗೆಯೇ. ಬೆಂಚಿನ ಮೊಳೆಯೊಂದು ಸಡಿಲವಾಗಿದ್ದರೆ ಪಾಠ ಮುಗಿಯುವಷ್ಟರಲ್ಲಿ ಅದನ್ನು ಕಿತ್ತು, ನೆಟ್ಟಗೆ ಮಾಡಿ, ಮತ್ತೆ ಹೊಡೆದಿರುತ್ತಿದ್ದ. ಮುಂದೆ ಕಾರ್ಖಾನೆಗೆ ಸೇರಿ ಪಾಳಿಯ ಕೆಲಸ ಹಿಡಿದ. ಯಲಹಂಕದ ಹಳೇ ಪೇಟೆಯಲ್ಲಿ ಅವನ ಮನೆ ನಮ್ಮ ಮನೆಗೆ ಎದುರು.

2013ರ ಬೇಸಗೆಯಲ್ಲಿ, ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರಿಂದ ಅವನು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದ. ಕೆಂಪು ಬಣ್ಣ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಮುಂದಿನ ಮುಚ್ಚಳದ ಮೇಲೆ ಗಾಳಿ ಹೋಗಲು ಎರಡು ಸೀಳುಗಂಡಿ. ಇಬ್ಬರು ಕೂರಲು ಮಾತ್ರ ಜಾಗ. ಮನೆಯಲ್ಲಿದ್ದವರು ನಾಲ್ವರು.

ಅವನ ಹೆಂಡತಿ ಕಲಾವತಿ ಕಾರನ್ನು ಒಂದು ಸುತ್ತು ಹಾಕಿ, "ಮಿಕ್ಕಿಬ್ರು ಬಸ್ಸಲ್ಲಿ ಹಿಂದೆ ಬರ್ಬೇಕೇನ್ರೀ?" ಎಂದು ಕೇಳಿದಳು.

ಮಗನಿಗಿಂತ ಹೆಚ್ಚು ಸಂತೋಷಪಟ್ಟವರು ಅವನ ತಂದೆ ಬ್ಯಾಟರಾಯಪ್ಪನವರು. ಹೊಲಗಳೆಲ್ಲ ಬಡಾವಣೆಯಾದ ಮೇಲೆ ಅವರ ಎತ್ತಿನ ಕೊಟ್ಟಿಗೆ ಬರಿದಾಗಿತ್ತು. ಕಾರು ಬಂದು ಅಲ್ಲಿ ನಿಂತಿತು. ಬೆಳಗ್ಗೆ ಎದ್ದೊಡನೆ ಅದರ ಬೆನ್ನು ಸವರಿ, "ಏನ್ಲಾ, ನಿದ್ದೆ ಬಂತಾ?" ಎಂದು ವಿಚಾರಿಸುತ್ತಿದ್ದರು. ಆಯುಧಪೂಜೆಯ ದಿನ ಯಾರನ್ನೂ ಹತ್ತಿರ ಬಿಡದೆ ತಾವೇ ಅದನ್ನು ತೊಳೆದರು. ಬಾಲರಾಜನ ತಾಯಿ ಸೊಣ್ಣಮ್ಮನವರು ಹೂವು ಮುಡಿಸಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕುಂಬಳಕಾಯಿ ಒಡೆದದ್ದಾಯಿತು. ಬಾಲರಾಜ ಕೀಲಿ ತಿರುಗಿಸಿದ. ಇಂಜಿನ್ನು ಗುರ್ ಎಂದಿತು, ಕಾರು ಒಂದು ಮಾರು ಮುಂದೆ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಕೇಳಿತು. ಕಾರು ನಿಂತುಹೋಯಿತು, ಎಷ್ಟು ಪ್ರಯತ್ನಿಸಿದರೂ ಮತ್ತೆ ಹತ್ತಲಿಲ್ಲ.

ಬ್ಯಾಟರಾಯಪ್ಪನವರು ಬಗ್ಗಿ ನೆಲ ನೋಡಿದರು. ಜಜ್ಜಿದ್ದ ನಿಂಬೆಹಣ್ಣುಗಳು ಮೂರೇ.

"ನಾಕ್ ಗಾಲಿಗೆ ಮೂರ್ ನಿಂಬೆಣ್ಣು ಇಟ್ಟವ್ಳಲ್ಲೋ ಇವ್ಳು! ಇನ್ನೊಂದೆಲ್ಲಮ್ಮಿ?"

ಸೊಣ್ಣಮ್ಮನವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಚಿತ್ರಾನ್ನಕ್ಕೆ ಇಂಡ್ಬುಟ್ನಾ..."

"ಇಂಡು, ಇಂಡು. ಬಾಯ್ ರುಚಿಗೆ ಗಾಡಿನೇ ಬಲಿ ಕೊಟ್ಟೆ."

ಆ ಮಾತು ಹಬ್ಬದ ದಿನಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಹಾಲಿನವನು ಬಂದರೂ, ಬೀಗರು ಬಂದರೂ ಮುದುಕರು ಅದನ್ನೇ ಹೇಳುತ್ತಿದ್ದರು. ಸೊಣ್ಣಮ್ಮನವರೂ ಅದನ್ನು ನಂಬಿಬಿಟ್ಟರು. ಕಾರು ಎದ್ದು ಓಡುವವರೆಗೆ ಮಂಗಳವಾರ ಅನ್ನ ಮುಟ್ಟುವುದಿಲ್ಲವೆಂದು ಊರಮ್ಮನಿಗೆ ಹರಸಿಕೊಂಡರು. ನಮ್ಮ ಮನೆಯ ಜಗಲಿಗೆ ಬಂದು ಹರಟುತ್ತಿದ್ದವರು ಬರುವುದನ್ನೇ ಬಿಟ್ಟರು.

ಕಾರಿನ ರೋಗ ನೋಡಲು ಬಂದ ಮೆಕ್ಯಾನಿಕ್ಕು, ಇಂಜಿನ್ನೇ ಹೋಯಿತು, ಬೇರೆ ಹಾಕಬೇಕು, ಅದು ಈ ಊರಿನಲ್ಲಿ ಸಿಗುವಂಥದ್ದಲ್ಲ ಎಂದು ಹೇಳಿ ಹೊರಟುಹೋದ. ಬಾಲರಾಜ ಕೊಟ್ಟಿಗೆಯಲ್ಲಿ ಅತ್ತಿಂದಿತ್ತ ಎಷ್ಟೋ ಹೊತ್ತು ನಡೆದ. ಆಮೇಲೆ, "ನಾನೇ ಬಿಚ್ತೀನಿ" ಎಂದ.

"ಬಿಚ್ಚೋದು ಎಲ್ರಿಗೂ ಬರುತ್ತೆ ಕಣ್ರೀ, ಜೋಡ್ಸೋದು?" ಎಂದಳು ಕಲಾವತಿ.

"ಜೋಡ್ಸೋಕೆ ಬರ್ದಿದ್ರೆ ಬುಟ್ಟಿಲಿ ತುಂಬಿ ಗುಜರಿಗೆ ಹಾಕ್ತೀನಿ, ಬಿಡು."

ಕೊಳವೆಬಾವಿಯ ಮೋಟಾರು ಎತ್ತುವ ಕೆಲಸದ ಬೈರಣ್ಣ ತನ್ನ ಕಬ್ಬಿಣದ ಮುಕ್ಕಾಲಿಯನ್ನೂ ಸರಪಳಿ ರಾಟೆಯನ್ನೂ ತಂದುಕೊಟ್ಟ. "ಇನ್ನೂರಡಿ ಆಳದ ಮೋಟ್ರು ಎತ್ತಿದ್ದೀನಿ ಗುರು, ಮೂರಡಿ ಆಳದ್ದು ಇದೇ ಮೊದ್ಲು" ಎಂದು ನಕ್ಕ. ಇಂಜಿನ್ನು ಮೇಲೆ ಬಂತು. ಕಲಾವತಿಯ ಹಳೆಯ ಸೀರೆಯೊಂದರ ಮೇಲೆ ನಟ್ಟು ಬೋಲ್ಟುಗಳು ಸಾಲಾಗಿ ಕೂತವು. ಬಾಲರಾಜ ಪಾಳಿ ಮುಗಿಸಿ ಬಂದು ಬಟ್ಟೆ ಬದಲಿಸದೆ ಕೊಟ್ಟಿಗೆಗೆ ನುಗ್ಗುತ್ತಿದ್ದ. ಐದು ನಿಮಿಷ ಕೆಲಸ, ಎರಡು ನಿಮಿಷ ನಡಿಗೆ, ಮತ್ತೆ ಕೆಲಸ.

ಇಂಜಿನ್ನಿನ ತಲೆ ಬಿಚ್ಚಿದ ದಿನ ಕಾರಣ ಸಿಕ್ಕಿತು. ಮೂರು ಪಿಸ್ಟನ್ನುಗಳು ಮೇಲಿನ ಅಂಚಿನವರೆಗೆ ಬರುತ್ತಿದ್ದವು. ಎರಡನೆಯದು ಮಾತ್ರ ಕೆಳಗೇ ನಿಲ್ಲುತ್ತಿತ್ತು. ಅದನ್ನು ಮೇಲೆ ಕೆಳಗೆ ಆಡಿಸುವ ಉಕ್ಕಿನ ರಾಡು ಬಾಗಿಹೋಗಿತ್ತು. ಉಕ್ಕನ್ನು ಹಾಗೆ ಬಗ್ಗಿಸುವುದು ನೀರೊಂದೇ. ಗಾಳಿಯನ್ನಾದರೆ ಪಿಸ್ಟನ್ನು ಅಮುಕಬಹುದು, ನೀರು ಅಮುಕಿಸಿಕೊಳ್ಳುವುದಿಲ್ಲ. ಬಾಲರಾಜ ಗಾಳಿ ಸೋಸುವ ಫಿಲ್ಟರನ್ನು ಕಿತ್ತು ಬೆಳಕಿಗೆ ಹಿಡಿದ. ಅದರ ಮಡಿಕೆಗಳಲ್ಲಿ ಕಂದುಬಣ್ಣದ ಪುಡಿ ಮೆತ್ತಿಕೊಂಡಿತ್ತು. ಮೂಸಿದ. ಸೀಗೆಪುಡಿ!

ಎತ್ತುಗಳ ಮೈಯನ್ನು ತೊಳೆಯುವಂತೆಯೇ ಅಪ್ಪ ಸೀಗೆಪುಡಿ ಹಾಕಿ ಉಜ್ಜಿದ್ದರು. ಮುಚ್ಚಳದ ಎರಡು ಸೀಳುಗಂಡಿಗಳನ್ನು ಮೂಗಿನ ಹೊಳ್ಳೆಗಳೆಂದು ಭಾವಿಸಿ, ಅವೂ ಶುದ್ಧವಾಗಲೆಂದು ಪೈಪಿನ ನೀರು ಬಿಟ್ಟಿದ್ದರು. ಫಿಲ್ಟರು ಇದ್ದದ್ದು ಅವುಗಳ ಕೆಳಗೇ.

ಅಂದು ಸಂಜೆ ಅವನು ನಮ್ಮ ಮನೆಗೆ ಬಂದು, ಕೂರದೆ, ಕಿಟಕಿಯ ಚಿಲಕವನ್ನು ಹಾಕಿ ತೆಗೆದು ಮಾಡುತ್ತ ಇದನ್ನೆಲ್ಲ ಹೇಳಿದ.

"ಹೇಳಿದ್ರೆ ಅಪ್ಪ ಕುಸಿದ್ಹೋಗ್ತಾರೆ ಮೇಷ್ಟ್ರೇ. ಹೇಳ್ದಿದ್ರೆ ಅಮ್ಮನ ಮೇಲಿರೋ ಮಾತು ಹೋಗಲ್ಲ. ಏನ್ ಮಾಡ್ಲಿ?"

ಕೇಳಿದ ಮಾತು ಮುಗಿಯುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಮೊದಲು ಸುಳ್ಳು ಹೇಳಿ ನೋಡಿದ. "ಹಳೇ ಇಂಜಿನ್ ಅಪ್ಪ, ಸವೆದಿತ್ತು."

"ಸವೆದಿದ್ರೆ ಅಬ್ಬದ ದಿನಾನೇ ಯಾಕ್ ಸಾಯ್ಬೇಕಿತ್ತು? ನಿಂಬೆಣ್ಣೇ ಕಣ್ಲಾ."

ಮುಂದಿನ ಮಂಗಳವಾರ ಸೊಣ್ಣಮ್ಮನವರು ನಲ್ಲಿಯ ಹತ್ತಿರ ತಲೆ ತಿರುಗಿ ಕುಕ್ಕರಿಸಿದರು. ಕಲಾವತಿ ಅವರನ್ನು ಎತ್ತಿ ಗೋಡೆಗೆ ಒರಗಿಸಿ, ಸಕ್ಕರೆನೀರು ಕೊಟ್ಟು, ಗಂಡನ ಕಡೆಗೆ ತಿರುಗಿದಳು. "ಇನ್ನೂ ಬಾಯ್ಮುಚ್ಕೊಂಡಿರ್ತೀರಾ?"

ಬಾಲರಾಜ ಕೊಟ್ಟಿಗೆಗೆ ಹೋಗಿ, ಫಿಲ್ಟರನ್ನು ಕಂಕುಳಲ್ಲಿ ಇರುಕಿಕೊಂಡು, ಎರಡು ರಾಡುಗಳನ್ನು ತಂದು ತಂದೆಯ ಕೈಗಳಲ್ಲಿಟ್ಟ. ಒಂದು ನೆಟ್ಟಗಿತ್ತು, ಇನ್ನೊಂದು ಬಾಗಿತ್ತು.

"ಇದ್ಯಾಕಪ್ಪ ಇಂಗೆ ಸೊಟ್ಟಗೈತೆ?"

"ಒಳಗೆ ನೀರು ಹೋಗಿದೆಯಪ್ಪ."

"ನೀರಾ? ಎಲ್ಲಿಂದ ಓಯ್ತು?"

ಬಾಲರಾಜ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ಕೊನೆಗೆ ಫಿಲ್ಟರನ್ನು ಮುಂದೆ ಹಿಡಿದ. ಮುದುಕರು ಕಂದು ಪುಡಿಯನ್ನು ಉಗುರಿನಿಂದ ಕೆರೆದು ಮೂಸಿದರು. ಗೋಡೆಗೆ ಒರಗಿಸಿಟ್ಟಿದ್ದ ಮುಚ್ಚಳದ ಗಂಡಿಗಳನ್ನು ನೋಡಿದರು. ಆಮೇಲೆ ರಾಡುಗಳನ್ನು ಹಿಡಿದುಕೊಂಡೇ ನಡೆದು ಹೆಂಡತಿಯ ಮುಂದೆ ನಿಂತರು.

"ನಿಂದೇನೂ ತೆಪ್ಪಿಲ್ಲ ಕಣಮ್ಮಿ. ನೀರು ಕುಡ್ಸಿದ್ದು ನಾನು."

ಸೊಣ್ಣಮ್ಮನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ದನಿ ರಸ್ತೆಯ ತಿರುವಿನವರೆಗೂ ಕೇಳಿತು. "ಹಾಲ್ನೋನ ಮುಂದೆ ಅಂದೆ, ಬೀಗ್ರ ಮುಂದೆ ಅಂದೆ! ಈಗ ಅವ್ರ್‌ ಮನೆಗೆಲ್ಲ ಓಗಿ ಏಳ್ಬುಟ್ಟು ಬಾರಯ್ಯ, ಓಗು!"

ಅವರು ಹೋದರು. ಹಾಲಿನವನಿಗೂ ಹೇಳಿದರು, ಚಿಕ್ಕಬಾಣಾವರದ ಬೀಗರಿಗೂ ಹೋಗಿ ಹೇಳಿ ಬಂದರು. ಬಂದವರು ಇನ್ನೊಂದು ಮಾತು ಆಡಿದರು: "ಇನ್ಮೇಲೆ ಮಂಗಳವಾರದ ಉಪಾಸ ನಂದು."

"ಮಾವ, ನಿಮಗೆ ಶುಗರ್ ಇದೆ. ಬೆಳಗ್ಗೆ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ರೆ ಆಗಲ್ಲ" ಎಂದು ಕಲಾವತಿ ಹೇಳಿದಳು.

"ಆಡಿದ್ದು ಆಡ್ದಂಗೆ."

ಇಲ್ಲಿಂದ ಮುಂದೆ ಬಾಲರಾಜನನ್ನು ನಿಂತಲ್ಲಿ ಕಂಡವರಿಲ್ಲ. ರಜೆ ಹಾಕಿ ಶಿವಾಜಿನಗರದ ಗುಜರಿಯಂಗಡಿಗಳನ್ನೆಲ್ಲ ಜಾಲಾಡಿದ. ಅದೇ ಜಾತಿಯ ಒಡೆದ ಇಂಜಿನ್ನೊಂದು ಸಿಕ್ಕಿತು. ಅದರಿಂದ ಒಂದು ರಾಡು ಬಂತು. ಅದು ಮಿಕ್ಕ ಮೂರರಷ್ಟೇ ತೂಗಬೇಕು, ಇಲ್ಲದಿದ್ದರೆ ಇಂಜಿನ್ನು ಅದುರುತ್ತದೆ. ರಾಧಾಮಣಿಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟು ನೋಡಿದ.

"ಏನಣ್ಣ, ನಮ್ಮಂಗ್ಡೀಲಿ ಕಾಲು ಸೂಪಿಗೆ ಮೂಳೆ ತೂಗ್ತಾ ಇದ್ದೀಯ?" ಎಂದಳು ಅವಳು. ಹೊಸದು ಕೊಂಚ ಭಾರವಿತ್ತು. ಮನೆಗೆ ತಂದು ಅರದಿಂದ ಉಜ್ಜಿ, ಮತ್ತೆ ತೂಗಿ, ಮತ್ತೆ ಉಜ್ಜಿದ.

ಎಷ್ಟು ಓಡಿದರೂ ಮಂಗಳವಾರ ಬಂದೇ ಬಂತು. ಇಂಜಿನ್ನು ಕಾರಿನೊಳಗೆ ಇಳಿದಿತ್ತು, ಕೊಳವೆಗಳನ್ನು ಜೋಡಿಸುವುದಷ್ಟೇ ಬಾಕಿ. ಬ್ಯಾಟರಾಯಪ್ಪನವರು ಮಾತ್ರೆ ನುಂಗಿ, ಬರೀ ಹೊಟ್ಟೆಯಲ್ಲಿ ಕೊಟ್ಟಿಗೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಹಣೆಯಲ್ಲಿ ಬೆವರು ಮೂಡುತ್ತಿತ್ತು. ಸೊಣ್ಣಮ್ಮನವರು ಅನ್ನ ಸಾರು ಕಲಸಿದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಿರಲಿಲ್ಲ, ನೋಡಲು ಹೋಗಿದ್ದ ನನಗೂ ಅದೇ ಭಯ ಹುಟ್ಟಿಸಿತು. ಬಾಲರಾಜನ ಕೈಯಿಂದ ಸ್ಪ್ಯಾನರು ಎರಡು ಸಲ ಜಾರಿಬಿತ್ತು.

ಕೀಲಿ ತಿರುಗಿಸಿದ. ಇಂಜಿನ್ನು ಗೊರಗೊರ ಸುತ್ತಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ.

"ರೀ, ಆ ತೆಳ್ಳಗಿರೋ ಪೈಪು ಸಿಗಿಸೇ ಇಲ್ಲ" ಎಂದಳು ಬಗ್ಗಿ ನೋಡುತ್ತಿದ್ದ ಕಲಾವತಿ. ಅದು ಪೆಟ್ರೋಲಿನದು. ಸಿಗಿಸಿದ. ಮೂರನೆಯ ಸಲ ಇಂಜಿನ್ನು ಕೆಮ್ಮಿತು, ಕೊಟ್ಟಿಗೆಯ ತುಂಬ ಬಿಳಿಯ ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ಓಡತೊಡಗಿತು. ಬಾಲರಾಜ ಕಾರನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿ ನಿಲ್ಲಿಸಿ, ಕಿವಿಯಿಟ್ಟು ಕೇಳಿ, "ಎಲ್ಲೋ ಟಿಕ್‌ಟಿಕ್ ಅಂತಿದೆ, ಇನ್ನೊಂದ್ಸಲ ಬಿಚ್ಚಿ..." ಎಂದ. ಕಲಾವತಿ ಸ್ಪ್ಯಾನರನ್ನು ಅವನ ಕೈಯಿಂದ ಕಿತ್ತುಕೊಂಡು ಒಳಗೆ ನಡೆದಳು.

ಸೊಣ್ಣಮ್ಮನವರು ಆಗಲೇ ಗಂಡನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮೊದಲ ತುತ್ತನ್ನು ಅವರ ಬಾಯಿಗೆ ತುರುಕಿದ್ದರು. ಅವರು ನುಂಗಿ, ತಟ್ಟೆಯನ್ನು ಹೆಂಡತಿಯ ಕಡೆಗೆ ಸರಿಸಿದರು.

"ನೀನೂ ತಿನ್ನಮ್ಮಿ. ಅಷ್ಟೊಂದ್ ವಾರದ್ದು ಬಾಕಿ ಐತೆ ನಿಂದು."

"ಬಾಕಿ ಎಲ್ಲಾ ಒಂದೇ ಕಿತ ತಿಂದ್ರೆ ನಿನ್ ಮಗ ನನ್ನೂ ಬಿಚ್ಬೇಕಾಯ್ತದೆ ಕಣಯ್ಯ" ಎಂದು ಸೊಣ್ಣಮ್ಮನವರು ಎರಡನೆಯ ತುತ್ತನ್ನೂ ಅವರ ಬಾಯಿಗೇ ಇಟ್ಟರು.